ಕೈ ನಡುಗಿದರೆ ಸರಿ, ಕಲಾವಿದರು ಕುಣಿದರೆ?

ಲೆನ್ಸ್‌ನಲ್ಲಿ ಇಮೇಜ್ ಸ್ಟೆಬಿಲೈಸೇಷನ್, ಅಂದರೆ ಕೈ ನಡುಗಿದರೂ ಚಿತ್ರ ಕದಡದಂತೆ ತಡೆಯುವ ಸೌಲಭ್ಯ, ಬೇಕೇ ಎಂದು ವಿಚಾರಿಸುವವರನ್ನು ನಾನು ಮೊದಲು ಕೇಳುವುದು, ನೀವು ತೆಗೆಯುವುದು ಏನನ್ನು ಎಂದು. ಬೆಂಗಳೂರಿನಲ್ಲಿ ನನ್ನ ಕ್ಯಾಮೆರಾ ಸಂಜೆ ನೃತ್ಯ, ಯಕ್ಷಗಾನದ ಸಭಾಂಗಣಗಳಿಗೆ ಹೋಗುತ್ತದೆ, ಬೆಳಿಗ್ಗೆ ಹೆಬ್ಬಾಳ ಕೆರೆಯ ದಂಡೆಗೆ. ಕೆರೆಯಲ್ಲಿ ಈ ಸೌಲಭ್ಯಕ್ಕೆ ಕೊಟ್ಟ ಹಣ ವಸೂಲಾಗುತ್ತದೆ. ಸಭಾಂಗಣದಲ್ಲಿ ಹೆಚ್ಚಿನ ಮಟ್ಟಿಗೆ ದಂಡ.

ಲೆನ್ಸ್‌ನೊಳಗಿನ ಸಂವೇದಕ ನಮ್ಮ ಕೈಯ ಅಲುಗಾಟವನ್ನು ಗುರುತಿಸಿ, ಗಾಜಿನ ಒಂದು ಭಾಗವನ್ನು ಅದಕ್ಕೆ ವಿರುದ್ಧವಾಗಿ ಸರಿಸುತ್ತದೆ. ಕ್ಯಾನನ್ 1995ರಲ್ಲಿ 75-300 ಎಂಎಂ ಲೆನ್ಸ್‌ನಲ್ಲಿ ಇದನ್ನು ತಂದಿತು. ನಿಕಾನ್ ವಿಆರ್ ಎನ್ನುವುದೂ ಇದನ್ನೇ. 200 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯಲು ಶಟರ್ ವೇಗ ಸುಮಾರು 1/200 ಸೆಕೆಂಡ್ ಬೇಕೆಂಬುದು ಹಳೆಯ ಲೆಕ್ಕ. ನಾಲ್ಕು ಸ್ಟಾಪ್‌ಗಳ ನೆರವು, ಅಂದರೆ ಶಟರ್ ತೆರೆದಿರುವ ಸಮಯವನ್ನು ನಾಲ್ಕು ಬಾರಿ ದುಪ್ಪಟ್ಟು ಮಾಡುವಷ್ಟು ನೆರವು, ಇದ್ದರೆ 1/13ಕ್ಕೆ ಇಳಿಯಬಹುದು. ಪೆಟ್ಟಿಗೆಯ ಮೇಲಿನ ಆ ಭರವಸೆಯನ್ನು ನಾನು ಪೂರ್ತಿ ನಂಬುವುದಿಲ್ಲ, 1/25ರಲ್ಲಿ ನಿಲ್ಲಿಸುತ್ತೇನೆ. ಆಗಸ್ಟ್‌ನ ಮೋಡದಲ್ಲಿ, ಲಾಲ್‌ಬಾಗ್ ಗಾಜಿನ ಮನೆಯ ನೂಕುನುಗ್ಗಲಲ್ಲಿ ಟ್ರೈಪಾಡ್ ಹೂಡಲು ಜಾಗವೆಲ್ಲಿ? ಅಲ್ಲಿ ಅಷ್ಟೇ ಸಾಕಾಗುತ್ತದೆ, ಹೂವು ಓಡಿಹೋಗುವುದಿಲ್ಲವಲ್ಲ.

ವೇದಿಕೆಯ ಕಥೆಯೇ ಬೇರೆ. ಭರತನಾಟ್ಯದ ತೀರ್ಮಾನ, ಅಂದರೆ ನೃತ್ತದ ಮುಕ್ತಾಯದ ಹೆಜ್ಜೆಗಳು, ಮುಗಿದು ಕಲಾವಿದೆ ಭಂಗಿಯಲ್ಲಿ ನಿಂತ ಆ ಒಂದು ಕ್ಷಣಕ್ಕೆ 1/25 ನಡೆಯುತ್ತದೆ. ಅದಕ್ಕಾಗಿ ತಾಳ ಎಣಿಸುತ್ತಾ ಕಾಯುತ್ತೇನೆ. ಜತಿಯ ಚುರುಕು ಹೆಜ್ಜೆಗಳು ನಡೆಯುತ್ತಿರುವಾಗ ಅದೇ ವೇಗದಲ್ಲಿ ತೆಗೆದರೆ ಹಿಂದಿನ ಪರದೆಯ ಮಡಿಕೆಗಳು ಸ್ಪಷ್ಟ, ಬೆರಳುಗಳು ಮಾತ್ರ ಹೊಗೆ. ಯಕ್ಷಗಾನದ ಧೀಂಗಿಣಕ್ಕೆ, ಆ ಸುತ್ತಿ ಹಾರುವ ಕುಣಿತಕ್ಕೆ, 1/500 ಆದರೂ ಬೇಕು. ಅಲ್ಲಿ ಬೇಕಾದದ್ದು ಬೆಳಕು. ಲೆನ್ಸಿನ ಬೆಳಕಿಂಡಿ ಎಫ್/5.6ರ ಬದಲು ಇನ್ನೂ ಅಗಲವಾದ ಎಫ್/2.8 ಇದ್ದರೆ ನಾಲ್ಕು ಪಟ್ಟು ಬೆಳಕು ಬರುತ್ತದೆ, 1/125 ಇದ್ದದ್ದು 1/500 ಆಗುತ್ತದೆ. ಹಾಗಾಗಿ ನೃತ್ಯಕ್ಕೆಂದು ನಾನು ಕೊಂಡದ್ದು ಸ್ಟೆಬಿಲೈಸೇಷನ್ ಇಲ್ಲದ 85 ಎಂಎಂ ಎಫ್/1.8. ಝೂಮ್ ಇಲ್ಲ ಎಂದು ಮೂಗು ಮುರಿಯುವವರು ಮುಂದಿನ ಸಾಲಿನಲ್ಲಿ ಕುಳಿತರೆ ಆಯಿತು.

ಕೆರೆಯಲ್ಲಿ ಮೀನಿಗಾಗಿ ಕಲ್ಲಿನಂತೆ ನಿಂತ ಬಕನನ್ನು ಮಬ್ಬು ಬೆಳಕಿನಲ್ಲಿ 400 ಎಂಎಂನಲ್ಲಿ ತೆಗೆಯುವಾಗ 1/100 ಸಾಕು, ಅದು ಸ್ಟೆಬಿಲೈಸೇಷನ್ ಕೃಪೆ. ಹಕ್ಕಿ ಹಾರಿತೆಂದರೆ 1/2000ಕ್ಕೆ ಏರಿಸುತ್ತೇನೆ. ಆಗ ಚಿತ್ರದ ಚೂಪಿಗೆ ಸ್ಟೆಬಿಲೈಸೇಷನ್ ಕೊಡುಗೆ ಅಲ್ಪ, ಆದರೂ ವ್ಯೂಫೈಂಡರ್‌ನಲ್ಲಿ ದೃಶ್ಯ ಕುಣಿಯುವುದಿಲ್ಲವಾದ್ದರಿಂದ ಕಣ್ಣಿನ ಮೇಲೆ ಫೋಕಸ್ ಇಡುವುದು ಸುಲಭ. ಇಷ್ಟಕ್ಕೇ ಅದನ್ನು ಚಾಲೂ ಬಿಟ್ಟಿರುತ್ತೇನೆ. ಟ್ರೈಪಾಡ್ ಮೇಲೆ ಮಾತ್ರ ಅದನ್ನು ಆಫ್ ಮಾಡಬೇಕು. ಹಳೆಯ ಲೆನ್ಸ್‌ಗಳು ಇಲ್ಲದ ಅಲುಗಾಟವನ್ನು ಹುಡುಕಿ ತಾವೇ ಅಲುಗುವುದುಂಟು.

ಹಳೆಯ ಲೆನ್ಸ್ ಕೊಳ್ಳುವವರು ಅಂಗಡಿಯಲ್ಲೇ ಶಟರ್ ಗುಂಡಿಯನ್ನು ಅರ್ಧ ಒತ್ತಿ ನೋಡಿ. ಸಣ್ಣ ಗುಂಯ್‌ಗುಡುವಿಕೆ ಸಹಜ, ದೃಶ್ಯ ತಟ್ಟನೆ ನಿಲ್ಲಬೇಕು. ಹಾರಿ ಹಾರಿ ಬಿದ್ದರೆ ಆ ಲೆನ್ಸ್ ಬೇಡ.