ಕಚೇರಿಯಲ್ಲಿ ಸುರಕ್ಷತಾ ತರಬೇತಿ: ಮೆಟ್ಟಿಲು ಇಳಿಸಿ ಕಲಿಸಿ

ಕಚೇರಿಯಲ್ಲಿ ಸುರಕ್ಷತಾ ತರಬೇತಿ ಅಂದರೆ ಹೆಚ್ಚಾಗಿ ನಡೆಯುವುದು ಇಷ್ಟೇ. ಮೀಟಿಂಗ್ ರೂಮಿನ ದೀಪ ಆರಿಸಿ ನಲವತ್ತು ಸ್ಲೈಡ್ ತೋರಿಸುತ್ತಾರೆ, ಕೊನೆಗೆ ಹಾಜರಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮಾರನೇ ದಿನ ಅದೇ ಜನರನ್ನು "ಹಿಂದಿನ ಮೆಟ್ಟಿಲು ಎಲ್ಲಿದೆ?" ಎಂದು ಕೇಳಿ ನೋಡಿ. ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನಾನು ಹಲವು ಕಚೇರಿಗಳಲ್ಲಿ ಈ ತರಬೇತಿ ಕೊಟ್ಟಿದ್ದೇನೆ, ಬೇರೆಯವರು ಕೊಡುವಾಗ ಹಿಂದೆ ಕೂತು ನೋಡಿಯೂ ಇದ್ದೇನೆ. ತಪ್ಪು ಆಗುವುದು ಒಂದೇ ಕಡೆ. ಕೈಕಾಲಿಗೆ ರೂಢಿಯಾಗಬೇಕಾದ್ದನ್ನು ಬಾಯಲ್ಲಿ ಹೇಳಿ ಮುಗಿಸುತ್ತಾರೆ.

ಒಂದು ಬ್ಯಾಚಿಗೆ ಹದಿನೈದು ಜನ, ಮೂರು ಗಂಟೆ ಸಮಯ. ಇಷ್ಟಿದ್ದರೆ ಕೆಳಗಿನದೆಲ್ಲ ಆಗುತ್ತದೆ. ಹದಿನೈದಕ್ಕಿಂತ ಜಾಸ್ತಿ ಬೇಡವೇ ಬೇಡ. ಹಿಂದೆ ನಿಂತವರು ಏನನ್ನೂ ಮುಟ್ಟದೆ ಹೋಗಿಬಿಡುತ್ತಾರೆ.

ಹಂತ 1: ಹಿಂದಿನ ದಿನ ನೀವೊಬ್ಬರೇ ಸುತ್ತಿ

ಫೋನ್ ಹಿಡಿದು ಇಡೀ ಕಚೇರಿ ಸುತ್ತಿ, ಫೋಟೊ ತೆಗೆಯಿರಿ. ಓಡಾಡುವ ದಾರಿಗೆ ಅಡ್ಡ ಬಿದ್ದ ವೈರು, ಮೇಲೆದ್ದ ಕಾರ್ಪೆಟ್ ಅಂಚು, ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡು, ಬೀರುವಿನ ತಲೆ ಮೇಲೆ ಪೇರಿಸಿದ ಫೈಲು. ಕಚೇರಿಯಲ್ಲಿ ಜನ ಗಾಯ ಮಾಡಿಕೊಳ್ಳುವುದು ಹೆಚ್ಚಾಗಿ ಜಾರಿ, ಎಡವಿ, ಬಿದ್ದು. ಆದ್ದರಿಂದ ನೆಲವನ್ನು ನೋಡುತ್ತಾ ನಡೆಯಿರಿ.

ರೆಡಿಮೇಡ್ ವಿಡಿಯೊ, ಕೊನೆಗೆ ಐದು ಪ್ರಶ್ನೆಯ ಕ್ವಿಜ್ ಇರುವ ಪ್ಯಾಕೇಜುಗಳು ಬರುತ್ತವೆ. ತೊಗೊಳ್ಳಬೇಡಿ. ಯಾವುದೋ ಕಟ್ಟಡದ ಚಿತ್ರ ನೋಡಿ ಯಾರೂ ಏನೂ ಕಲಿಯುವುದಿಲ್ಲ. ತಮ್ಮದೇ ಟೇಬಲ್ ಕೆಳಗಿನ ವೈರಿನ ಗಂಟು ಪರದೆ ಮೇಲೆ ಬಂದಾಗ ಮಾತ್ರ ನೆಟ್ಟಗೆ ಕೂರುತ್ತಾರೆ.

ಹಂತ 2: ಹತ್ತೇ ನಿಮಿಷ ಮಾತು

ಆ ಫೋಟೊ ತೋರಿಸಿ. ಚಕ್ರದ ಕುರ್ಚಿ ಹತ್ತಬೇಡಿ, ಬೀರುವಿನ ಎರಡು ಡ್ರಾಯರ್ ಒಟ್ಟಿಗೆ ಎಳೆಯಬೇಡಿ, ಭಾರ ಎತ್ತುವಾಗ ಮಂಡಿ ಬಗ್ಗಿಸಿ ಪೆಟ್ಟಿಗೆಯನ್ನು ಮೈಗೆ ಒತ್ತಿ ಹಿಡಿಯಿರಿ ಎಂದು ಹೇಳಿ, ಎಬ್ಬಿಸಿ.

ಹಂತ 3: ಹೊರಗೆ ಬರುವ ಅಭ್ಯಾಸ

ಮೂರು ಗಂಟೆಯಲ್ಲಿ ಒಂದೂವರೆ ಗಂಟೆ ಇದಕ್ಕೇ ಇಡಿ.

ಒಂದು ಕಚೇರಿಯಲ್ಲಿ ನೋಡಿದ್ದು ಹೇಳುತ್ತೇನೆ. ಅಲ್ಲಿ ಮೂರು ತಿಂಗಳ ಹಿಂದಷ್ಟೇ ತರಬೇತಿ ಆಗಿತ್ತು, ಎಲ್ಲರ ಸಹಿಯೂ ಇತ್ತು. ಬೆಂಕಿಯ ಎಚ್ಚರಿಕೆ ಗಂಟೆ ಹೊಡೆಯಿತು. ಹೆಚ್ಚಿನವರು ಎದ್ದು ನೇರ ಲಿಫ್ಟಿನ ಕಡೆ ಹೋದರು. ದಿನಾ ಹೋಗುವ ದಾರಿ ಅದೇ ಅಲ್ವಾ, ಕಾಲು ಅತ್ತಲೇ ಎಳೆಯುತ್ತದೆ. ಒಬ್ಬರು ಬಗ್ಗಿ ಚಾರ್ಜರ್ ಕೀಳುತ್ತಿದ್ದರು. ನಾಲ್ಕೈದು ಜನ ಹಿಂದಿನ ಮೆಟ್ಟಿಲಿಗೆ ಹೋದರು. ಬಾಗಿಲು ಒಂದು ಗೇಣು ತೆರೆಯಿತು, ಅಲ್ಲೇ ನಿಂತಿತು. ಆಚೆ ಬದಿಯಲ್ಲಿ ಪ್ರಿಂಟರ್ ಕಾಗದದ ಪೆಟ್ಟಿಗೆಗಳನ್ನು ಜೋಡಿಸಿಟ್ಟಿದ್ದರು. ಆ ಗೇಣಗಲದ ಸಂದಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ 146 ಜನ ಸತ್ತರು. ಅಲ್ಲಿ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು.

ಅದಕ್ಕೇ ಮೊದಲ ಸುತ್ತು ಗಂಟೆ ಇಲ್ಲದೆ, ನಿಧಾನವಾಗಿ ಮಾಡಿಸಿ. ಪ್ರತಿಯೊಬ್ಬರೂ ತಮ್ಮ ಟೇಬಲ್‌ನಿಂದಲೇ ಹೊರಡಬೇಕು, ಮೀಟಿಂಗ್ ರೂಮಿನಿಂದ ಅಲ್ಲ. ಹತ್ತಿರದ ಬಾಗಿಲಿಗೆ ಎಷ್ಟು ಟೇಬಲ್ ಸಾಲು ದಾಟಬೇಕು ಎಂದು ಎಣಿಸಲಿ. ಹೊಗೆ ತುಂಬಿದಾಗ ಕಣ್ಣು ಕಾಣುವುದಿಲ್ಲ, ಆ ಎಣಿಕೆಯೇ ಕೈ ಹಿಡಿಯುತ್ತದೆ. ಆಮೇಲೆ ಎರಡನೇ ದಾರಿಯಲ್ಲೂ ಅಷ್ಟೇ ನಡೆಸಿ. ಮೆಟ್ಟಿಲಿನ ಬಾಗಿಲನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದ ತೆರೆಯಬೇಕು. ನೂಕಬೇಕೋ ಎಳೆಯಬೇಕೋ ಅಲ್ಲೇ ತಿಳಿಯಲಿ. ತೆರೆದ ಮೇಲೆ ಅದು ತಾನೇ ಮುಚ್ಚಿಕೊಳ್ಳಬೇಕು. ಗಾಳಿ ಬರಲಿ ಎಂದು ಇಟ್ಟಿಗೆ, ಡಸ್ಟ್‌ಬಿನ್ ಅಡ್ಡ ಇಟ್ಟಿದ್ದರೆ ತೆಗೆಸಿ. ಹೊಗೆಯನ್ನು ಮೆಟ್ಟಿಲಿಗೆ ಬಿಡದೆ ತಡೆಯುವುದು ಆ ಬಾಗಿಲೇ.

ಲಿಫ್ಟ್ ಬೇಡ ಎಂದು ಹೇಳುವಾಗ ಕಾರಣವನ್ನೂ ಹೇಳಿ. ಕರೆಂಟ್ ಹೋದರೆ ಮಧ್ಯದಲ್ಲಿ ನಿಲ್ಲುತ್ತದೆ. ಲಿಫ್ಟ್ ಮೇಲೆ ಕೆಳಗೆ ಓಡಾಡುವ ಬಾವಿಯಂಥ ಜಾಗವೇ ಹೊಗೆಗೊಂದು ಚಿಮಣಿ ಆಗುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಲು ಕಲಿಸಿ. ಬಿಸಿ ಇದ್ದರೆ ಬೇರೆ ದಾರಿ. ಹೊಗೆ ಮೇಲಕ್ಕೆ ಏರುತ್ತದೆ, ಹಾಗಾಗಿ ಬಗ್ಗಿ, ಬೇಕಾದರೆ ಅಂಬೆಗಾಲಿಟ್ಟು ಹೋಗಬೇಕು. ಇದನ್ನೂ ನಾಲ್ಕು ಹೆಜ್ಜೆ ಮಾಡಿಸಿ. ನಾಚಿಕೊಳ್ಳುತ್ತಾರೆ, ಬಿಡಬೇಡಿ.

ಮೆಟ್ಟಿಲು ಇಳಿಯಲು ಕಷ್ಟ ಇರುವವರ ಜೊತೆ ಮೊದಲೇ, ಬೇರೆಯಾಗಿ ಮಾತಾಡಿ. ಗಾಲಿಕುರ್ಚಿ ಬಳಸುವವರು, ಗರ್ಭಿಣಿಯರು, ಮಂಡಿ ಆಪರೇಷನ್ ಆದವರು, ಕಿವಿ ಕೇಳದವರು. ಹೇಗೆ ನೆರವಾಗಬೇಕು ಎಂದು ಅವರನ್ನೇ ಕೇಳಿ. ಪ್ರತಿಯೊಬ್ಬರಿಗೂ ಇಬ್ಬರು ಜೊತೆಗಾರರನ್ನು ಗೊತ್ತುಮಾಡಿ, ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಇರುತ್ತಾರೆ.

ಎರಡನೇ ಸುತ್ತು ಗಂಟೆ ಹೊಡೆದು. ಕಟ್ಟಡದ ಕಾವಲುಗಾರರಿಗೆ, ಹೃದಯದ ತೊಂದರೆ ಇರುವವರಿಗೆ ಮೊದಲೇ ಹೇಳಿರಿ, ಉಳಿದವರಿಗೆ ಹೊತ್ತು ಹೇಳಬೇಡಿ. ಒಂದು ದಾರಿಯಲ್ಲಿ ಒಬ್ಬರನ್ನು "ಇಲ್ಲಿ ಹೊಗೆ ಇದೆ" ಎಂಬ ಬೋರ್ಡು ಹಿಡಿಸಿ ನಿಲ್ಲಿಸಿ. ಜನ ಅಲ್ಲಿಗೆ ಬಂದು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ, ಆಮೇಲೆ ತಿರುಗುತ್ತಾರೆ. ಆ ತಿರುಗುವುದನ್ನು ಕಲಿಸಲೆಂದೇ ಇಷ್ಟೆಲ್ಲ ಮಾಡುವುದು. ಹೊಗೆ ಬಾಂಬು, ಕಿರುಚಾಟ ಮಾತ್ರ ಬೇಡ. ಗಾಬರಿಯಲ್ಲಿ ಯಾರಾದರೂ ಮೆಟ್ಟಿಲಲ್ಲಿ ಉರುಳಿದರೆ ಏನು ಮಾಡುತ್ತೀರಿ?

ಹೊರಗೆ ಬಂದ ಮೇಲೆ ಎಣಿಕೆ. ಇದು ಎಲ್ಲರೂ ಕೆಡಿಸುವ ಇನ್ನೊಂದು ಜಾಗ. "ಎಲ್ಲ ಬಂದ್ರಾ?" ಎಂದು ಕೂಗಿದರೆ "ಬಂದ್ವಿ" ಎಂಬ ಉತ್ತರ ಬಂದೇ ಬರುತ್ತದೆ. ಬಾರದವರು ಉತ್ತರ ಕೊಡಲಾರರು ತಾನೇ? ಹೆಸರು ಹಿಡಿದು ಕರೆಯಿರಿ. ಹಾಜರಿ ಪುಸ್ತಕ ಒಳಗೇ ಉಳಿದಿರುತ್ತದೆ, ಆದ್ದರಿಂದ ಪಟ್ಟಿಯ ಒಂದು ಪ್ರತಿ ಕಾವಲುಗಾರರ ಬಳಿ ಇರಲಿ. ಶೌಚಾಲಯದಲ್ಲಿದ್ದವರು, ಸರ್ವರ್ ರೂಮಿನಲ್ಲಿದ್ದವರು, ಹೆಡ್‌ಫೋನ್ ಹಾಕಿಕೊಂಡವರು, ಭೇಟಿಗೆ ಬಂದ ಹೊರಗಿನವರು, ಶುಚಿ ಕೆಲಸದವರು. ತಪ್ಪಿಹೋಗುವುದು ಇವರೇ. ಯಾರಾದರೂ ಕಾಣದಿದ್ದರೆ ಅಗ್ನಿಶಾಮಕದವರಿಗೆ ಹೇಳಬೇಕು, ಹುಡುಕಿಕೊಂಡು ಒಳಗೆ ಹೋಗಬಾರದು.

ಹಂತ 4: ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಕೊಡಿ

ನೋಡಲು ಸುಲಭ. ಕೈಗೆ ಕೊಟ್ಟರೆ ಹತ್ತರಲ್ಲಿ ಕೆಲವರು ಲಿವರ್ ಬಿಗಿಯಾಗಿ ಹಿಡಿದುಕೊಂಡೇ ಪಿನ್ ಎಳೆಯುತ್ತಾರೆ. ಹಿಂಡಿದಷ್ಟೂ ಪಿನ್ ಕಚ್ಚಿಕೊಳ್ಳುತ್ತದೆ, ಬರುವುದಿಲ್ಲ. ಬೆರಳು ಬಿಳಿಚಿಕೊಳ್ಳುವವರೆಗೆ ಎಳೆದು "ಇದು ಕೆಟ್ಟಿದೆ" ಎನ್ನುತ್ತಾರೆ. ಸಿಲಿಂಡರ್ ಕೆಳಗಿಡಿ, ಲಿವರ್ ಬಿಡಿ, ಪಿನ್ ತಿರುಚಿ ಸೀಲ್ ಮುರಿದು ಎಳೆಯಿರಿ. ಈಗ ಎತ್ತಿ, ಎರಡು ಮೂರು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಗುರಿಯಿಟ್ಟು ಹಿಂಡಿ, ಆ ಕಡೆ ಈ ಕಡೆ ಗುಡಿಸಿದ ಹಾಗೆ ಆಡಿಸಿ. ಬಯಲಲ್ಲಿ ನೀರಿನ ಸಿಲಿಂಡರ್ ಇಟ್ಟುಕೊಂಡು ಖಾಲಿ ಪೆಟ್ಟಿಗೆಗೆ ಗುರಿಯಿಡಿಸಿದರೆ ಸಾಕು.

ಚಿಕ್ಕ ಸಿಲಿಂಡರ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಆದ್ದರಿಂದ ಬೆಂಕಿ ಕಸದ ಬುಟ್ಟಿಯಷ್ಟೇ ಇದ್ದರೆ, ಹೊರಹೋಗುವ ಬಾಗಿಲು ನಿಮ್ಮ ಬೆನ್ನ ಹಿಂದೆ ಇದ್ದರೆ ಮಾತ್ರ ಕೈ ಹಾಕಿ. ಇಲ್ಲದಿದ್ದರೆ ಬಿಟ್ಟು ನಡೆಯಿರಿ. ಕಂಪ್ಯೂಟರ್, ಸ್ವಿಚ್ ಬೋರ್ಡಿನ ಬೆಂಕಿಗೆ ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕು. ಅದರ ಕೊಂಬನ್ನು, ಅಂದರೆ ಅನಿಲ ಹೊರಬರುವ ಅಗಲ ಬಾಯಿಯ ಕೊಳವೆಯನ್ನು, ಬರಿಗೈಲಿ ಹಿಡಿದರೆ ಚಳಿಗೆ ಚರ್ಮ ಸುಟ್ಟ ಹಾಗಾಗುತ್ತದೆ. ಈ ಸಿಲಿಂಡರಿಗೆ ಒತ್ತಡ ತೋರಿಸುವ ಮುಳ್ಳು ಇರುವುದಿಲ್ಲ, ತೂಕ ಮಾಡಿಯೇ ಪರೀಕ್ಷಿಸಬೇಕು. ಉಳಿದವುಗಳ ಮುಳ್ಳು ಹಸಿರಲ್ಲಿದೆಯೇ ಎಂದು ಅಲ್ಲೇ ನೋಡಿಸಿ.

ಹಂತ 5: ಟೇಬಲ್ ಸರಿಮಾಡಿ

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರ. ಪಾದ ನೆಲಕ್ಕೆ. ಲ್ಯಾಪ್‌ಟಾಪ್ ಎತ್ತರಿಸಿದರೆ ಕೈ ನೋಯುತ್ತದೆ, ಇಳಿಸಿದರೆ ಕತ್ತು ನೋಯುತ್ತದೆ. ಹಾಗಾಗಿ ಸ್ಟ್ಯಾಂಡ್ ಜೊತೆಗೆ ಬೇರೆ ಕೀಬೋರ್ಡ್ ಕೊಡಲೇಬೇಕು. ಮಣಿಕಟ್ಟಿನ ಜೆಲ್ ದಿಂಬಿಗೆ ದುಡ್ಡು ಹಾಕಬೇಡಿ. ಟೈಪ್ ಮಾಡುವಾಗ ಅದಕ್ಕೆ ಮಣಿಕಟ್ಟು ಒತ್ತಿ ಕೂತರೆ ನೋವು ಜಾಸ್ತಿಯೇ ಆಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ದೂರಕ್ಕೆ ನೋಡಿ, ಆಗಾಗ ಎದ್ದು ನಡೆಯಿರಿ.

ಹಂತ 6: ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆಸಿ

ಎಲ್ಲರ ಮುಂದೆ ತೆರೆಸಿ. ಬೀಗ ಇದ್ದರೆ ತೆಗೆದುಬಿಡಿ. ಅವಧಿ ಮುಗಿದದ್ದನ್ನು ಎಸೆಯಿರಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರು, ಕರೆಂಟ್ ಹೊಡೆದರೆ ಮೊದಲು ಸ್ವಿಚ್ ಆರಿಸುವುದು, ಇಷ್ಟು ಎಲ್ಲರಿಗೂ ಗೊತ್ತಿರಲಿ. ಎದೆ ಒತ್ತುವ ಸಿಪಿಆರ್ ಅನ್ನು ಇದೇ ಬ್ಯಾಚಿನಲ್ಲಿ ತುರುಕಬೇಡಿ. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳ ಒತ್ತುವುದು ಗೊಂಬೆಯ ಮೇಲೆ ಮಾಡಿದರಷ್ಟೇ ಬರುತ್ತದೆ. ಅದಕ್ಕೊಂದು ದಿನ ಬೇರೆ ಇಡಿ.

ಹಂತ 7: ಸಹಿ ಹಾಕಿಸುವ ಮೊದಲು

ಇವತ್ತು ಕಂಡ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಸರಿಮಾಡುವವರ ಹೆಸರು, ತಾರೀಕು. ಒಂದು ವಾರದ ಮೇಲೆ ಹಾಳೆ ಹಿಡಿದು ಮತ್ತೆ ಸುತ್ತಿ. ಮುಂದಿನ ಅಭ್ಯಾಸ ಆರು ತಿಂಗಳ ಒಳಗೆ ಇರಲಿ. ಹೊಸಬರು ಬಂದರೆ ಅಷ್ಟು ದಿನ ಕಾಯಬೇಡಿ. ಮೊದಲ ದಿನವೇ, ಅವರ ಲ್ಯಾಪ್‌ಟಾಪ್ ಕೈಗೆ ಕೊಡುವ ಮೊದಲು, ಒಬ್ಬರು ಜೊತೆಗೆ ಹೋಗಿ ಎರಡೂ ಮೆಟ್ಟಿಲು ಇಳಿಸಿ ಕರೆದುಕೊಂಡು ಬರಲಿ.