ವಹಿಯಲ್ಲಿರುವ ನಂಬರುಗಳನ್ನು ಕಂಪ್ಯೂಟರಿನಿಂದ ಮೊಬೈಲಿಗೆ ಏರಿಸುವುದು

ವಿಜಯಪುರದ ಅಡತಿ ಅಂಗಡಿಯೊಂದಕ್ಕೆ ಬೇಕಾಗುವ ಫೋನ್ ನಂಬರುಗಳೇನು ಕಡಿಮೆಯೆ? ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು, ತಾಸಗಾಂವ ಮತ್ತು ಸಾಂಗ್ಲಿಯ ಖರೀದಿದಾರರು, ಲಾರಿಯವರು, ಕೋಲ್ಡ್ ಸ್ಟೋರೇಜಿನವರು ಎಂದು ಐದಾರುನೂರಕ್ಕೆ ಮುಟ್ಟುತ್ತದೆ. ಒಂದೊಂದನ್ನೇ ಮೊಬೈಲಿನಲ್ಲಿ ಒತ್ತುತ್ತ ಕೂತರೆ ಹೊತ್ತೂ ಹೋಗುತ್ತದೆ, ಅಂಕಿಯೂ ತಪ್ಪುತ್ತದೆ. ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿ, ಗೂಗಲ್ ಕಾಂಟ್ಯಾಕ್ಟ್ಸ್ ಮೂಲಕ ಒಂದೇ ಸಲಕ್ಕೆ ಫೋನಿಗೆ ಇಳಿಸಬಹುದು. ಏರಿಸುವುದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಹಾಳೆಯನ್ನು ಹಸನು ಮಾಡುವುದೇ ನಿಜವಾದ ಕೆಲಸ, ಅಲ್ಲಿ ಅವಸರ ಮಾಡಬೇಡಿ.

ಮೊದಲು ಖಾತೆ ನೋಡಿಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದರೆ ಯಾವ ಜಿಮೇಲ್ ಇದೆ ಎಂದು ಕಾಣುತ್ತದೆ. ಕಂಪ್ಯೂಟರಿನಲ್ಲಿ ಲಾಗಿನ್ ಆಗಬೇಕಾದದ್ದು ಅದೇ ಜಿಮೇಲಿಗೆ. ಎಷ್ಟೋ ಫೋನುಗಳಲ್ಲಿ ಮಾರಿದ ಅಂಗಡಿಯವರೇ ಹೊಸ ಜಿಮೇಲ್ ಮಾಡಿ ಹಾಕಿರುತ್ತಾರೆ, ಅದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಅಂಥ ಖಾತೆಯಲ್ಲಿ ಪಟ್ಟಿ ಕಟ್ಟಬೇಡಿ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಈಗಿರುವ ಹೆಸರುಗಳನ್ನು ವಿಸಿಎಫ್ (ಕಾಂಟ್ಯಾಕ್ಟುಗಳ ಪ್ರತಿ ಇಡುವ) ಫೈಲಾಗಿ ಉಳಿಸಿಕೊಳ್ಳಿ, ಪಾಸ್‌ವರ್ಡ್ ಗೊತ್ತಿರುವ ನಿಮ್ಮದೇ ಖಾತೆಯನ್ನು ಫೋನಿಗೆ ಸೇರಿಸಿ, ಆ ಮೇಲೆ ಮುಂದುವರಿಯಿರಿ. ಖಾತೆ ಸರಿಯಿದ್ದರೂ ಈ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹಾಳೆ. ಕಾಲಮ್ಮುಗಳ ಹೆಸರಿರುವ ತಲೆಸಾಲನ್ನು ಮನಸ್ಸಿಗೆ ಬಂದಂತೆ ಬರೆದರೆ ಗೂಗಲ್‌ಗೆ ತಿಳಿಯುವುದಿಲ್ಲ. ಸುಲಭದ ಉಪಾಯವೆಂದರೆ, ಕಂಪ್ಯೂಟರಿನ ಬ್ರೌಸರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಹೆಸರು, ಅಡ್ಡಹೆಸರು, ಫೋನ್, ಟಿಪ್ಪಣಿ ತುಂಬಿ ಒಂದೇ ಒಂದು ಕಾಂಟ್ಯಾಕ್ಟ್ ಮಾಡಿ. ಅದನ್ನು ಆರಿಸಿ ಗೂಗಲ್ ಸಿಎಸ್‌ವಿ (ಪಟ್ಟಿಯನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಇಡುವ ಸಾದಾ ಫೈಲು) ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಆ ಫೈಲಿನ ಮೊದಲ ಸಾಲೇ ನಿಮ್ಮ ಅಚ್ಚು. ಅದನ್ನು ಮುಟ್ಟದೆ, ಅದರ ಕೆಳಗೆ ನಿಮ್ಮ ಪಟ್ಟಿಯನ್ನು ತುಂಬಿ. ಬೇಡವಾದ ಕಾಲಮ್ಮುಗಳು ಖಾಲಿ ಇದ್ದರೆ ತೊಂದರೆಯಿಲ್ಲ.

ನಮ್ಮ ಕಡೆ ಒಂದೇ ಹೆಸರಿನವರು ಬಹಳ. ಬಸವರಾಜ ಪಾಟೀಲ, ಮಲ್ಲಪ್ಪ ಬಿರಾದಾರ ಎಂದು ಹುಡುಕಿದರೆ ನಾಲ್ಕು ಜನ ಬರುತ್ತಾರೆ. ಅದಕ್ಕೆ ಅಡ್ಡಹೆಸರಿನ ಜೊತೆ ಊರನ್ನೂ ಸೇರಿಸಿ, ‘ಬಿರಾದಾರ ತಿಕೋಟಾ’ ಎಂಬಂತೆ. ಕರೆ ಬಂದಾಗ ಪರದೆಯ ಮೇಲೆ ಊರೂ ಕಾಣುತ್ತದೆ.

ಹೆಚ್ಚು ಕೆಡುವುದು ನಂಬರಿನ ಕಾಲಮ್ಮು. ಎಕ್ಸೆಲ್ ಫೋನ್ ನಂಬರನ್ನೂ ಲೆಕ್ಕದ ಸಂಖ್ಯೆ ಎಂದೇ ತಿಳಿಯುತ್ತದೆ. 08352 ಎಂದು ಶುರುವಾಗುವ ವಿಜಯಪುರದ ಸ್ಥಿರ ದೂರವಾಣಿ ಬರೆದರೆ ಮೊದಲ ಸೊನ್ನೆ ಹಾರಿಹೋಗುತ್ತದೆ. +91 ಹಚ್ಚಿ ಬರೆದರೆ ಪ್ಲಸ್ ಚಿಹ್ನೆ ಮಾಯವಾಗುತ್ತದೆ, ಉಳಿದ 12 ಅಂಕಿಗಳು ‘9.19E+11’ ಎಂಬಂಥ ವಿಚಿತ್ರ ರೂಪಕ್ಕೆ ತಿರುಗುತ್ತವೆ. ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಫೈಲಿಗೆ ಹೋಗುವುದು ಕಣ್ಣಿಗೆ ಕಂಡ ಆ ರೂಪವೇ, ಕೊನೆಯ ಅಂಕಿಗಳು ಹೋದಂತೆಯೇ ಲೆಕ್ಕ. ಆದ್ದರಿಂದ ಏನನ್ನೂ ಬರೆಯುವ ಮೊದಲೇ ಇಡೀ ಕಾಲಮ್ಮನ್ನು ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ‘ಟೆಕ್ಸ್ಟ್’ ಮಾಡಿ. ಬರೆದಾದ ಮೇಲೆ ಟೆಕ್ಸ್ಟ್ ಮಾಡಿದರೆ ಕಳೆದುಹೋದ ಸೊನ್ನೆ ಮರಳಿ ಬರುವುದಿಲ್ಲ.

ಎಲ್ಲ ನಂಬರುಗಳಿಗೂ +91 ಇರಲಿ. ಮೊಬೈಲಾದರೆ ಅದರ ಮುಂದೆ 10 ಅಂಕಿ. ಸ್ಥಿರ ದೂರವಾಣಿಯಾದರೆ ಎಸ್‌ಟಿಡಿ ಕೋಡಿನ ಸೊನ್ನೆ ಬಿಡಬೇಕು: ವಿಜಯಪುರಕ್ಕೆ 8352, ಬಾಗಲಕೋಟೆಗೆ 8354, ಬೆಳಗಾವಿಗೆ 831. ಕೋಡು ಮತ್ತು ನಂಬರು ಸೇರಿ ಇಲ್ಲಿಯೂ 10 ಅಂಕಿಯೇ ಆಗಬೇಕು. ಪಕ್ಕದ ಖಾಲಿ ಕಾಲಮ್ಮಿನಲ್ಲಿ ‘ಲೆನ್’ (LEN) ಸೂತ್ರ ಹಾಕಿದರೆ ಪ್ರತಿ ನಂಬರಿನ ಉದ್ದ ಬರುತ್ತದೆ. ನಡುವೆ ಜಾಗ ಬಿಡದೆ ಬರೆದಿದ್ದರೆ, ಪ್ಲಸ್ ಸೇರಿ 13 ಬರದ ಸಾಲುಗಳನ್ನೆಲ್ಲ ವಹಿ ತೆಗೆದು ಮತ್ತೆ ನೋಡಿ. ತಪ್ಪು ಸಿಗುವುದು ಇಲ್ಲಿಯೇ. ನೋಡಿದ ಮೇಲೆ ಆ ಕಾಲಮ್ಮು ಅಳಿಸಿ. ಒಬ್ಬರಿಗೆ ಎರಡು ನಂಬರಿದ್ದರೆ ನಡುವೆ ಗೆರೆ ಎಳೆದು ಒಂದೇ ಮನೆಯಲ್ಲಿ ತುಂಬಬೇಡಿ, ‘ಫೋನ್ 2’ ಕಾಲಮ್ಮು ಬಳಸಿ. ಅಚ್ಚಿನಲ್ಲಿ ಅದು ಇಲ್ಲದಿದ್ದರೆ, ಮಾದರಿ ಕಾಂಟ್ಯಾಕ್ಟಿಗೆ ಎರಡು ನಂಬರು ಕೊಟ್ಟು ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಹೆಸರು ಕನ್ನಡದಲ್ಲಿದ್ದರೆ ಇನ್ನೆರಡು ಎಚ್ಚರ. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಆ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಆ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಮೊದಲು ಎಲ್ಲ ಸಾಧನಗಳಲ್ಲೂ ಓದಬಲ್ಲ ಯುನಿಕೋಡಿಗೆ ತನ್ನಿ. ಎರಡನೆಯದು, ಸೇವ್ ಆ್ಯಸ್ ಮಾಡುವಾಗ ಬರೀ ‘ಸಿಎಸ್‌ವಿ’ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡದ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಆ ಫೈಲಿನಿಂದ ಹೆಸರನ್ನು ಹಿಂದಕ್ಕೆ ಪಡೆಯುವ ದಾರಿಯೇ ಇಲ್ಲ. ಹಾಗಾಗಿ ಮೂಲ ಹಾಳೆಯನ್ನು ಎಕ್ಸೆಲ್ ರೂಪದಲ್ಲೂ ಬೇರೆ ಉಳಿಸಿಡಿ. ಸಿಎಸ್‌ವಿ ಆದ ಮೇಲೆ ಅದನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ನಂಬರು ಮತ್ತೆ ಕೆಡುತ್ತದೆ. ನೋಡಲೇಬೇಕೆಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಈಗ ಏರಿಸುವುದು. ಮೊದಲು ಐದು ಸಾಲಿನ ಪುಟ್ಟ ಫೈಲು ಮಾಡಿ. ಗೂಗಲ್ ಕಾಂಟ್ಯಾಕ್ಟ್ಸ್‌ನ ಎಡಬದಿಯಲ್ಲಿ ‘ಇಂಪೋರ್ಟ್’ ಒತ್ತಿ ಆ ಫೈಲನ್ನು ಕೊಡಿ. ಹೆಸರು, ಊರು, ನಂಬರು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರೆ ಆ ಐದನ್ನು ಅಳಿಸಿ, ಪೂರ್ತಿ ಪಟ್ಟಿ ಕೊಡಿ. ಒಂದು ಸಲಕ್ಕೆ 3,000 ಹೆಸರು, ಒಂದು ಖಾತೆಗೆ ಒಟ್ಟು 25,000 ಹಿಡಿಯುತ್ತದೆ. ಹಳೆಯ ಸಿಮ್‌ನಲ್ಲಿ ಇನ್ನೂರೈವತ್ತಕ್ಕೇ ಜಾಗ ಮುಗಿಯುತ್ತಿತ್ತು. ಹೀಗೆ ಬಂದ ಹೆಸರುಗಳಿಗೆಲ್ಲ ಆ ದಿನದ ತಾರೀಖಿನ ಲೇಬಲ್ ಬೀಳುತ್ತದೆ. ಏನಾದರೂ ಕೆಟ್ಟಿದ್ದರೆ ಆ ಲೇಬಲ್ಲನ್ನು ಅದರೊಳಗಿನ ಹೆಸರುಗಳ ಸಮೇತ ಅಳಿಸಿ, ಹಾಳೆ ತಿದ್ದಿ ಮತ್ತೆ ಏರಿಸಬಹುದು. ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ.

ಫೋನಿನಲ್ಲಿ ಇಂಟರ್‌ನೆಟ್ ಹಾಕಿ, ಆ ಖಾತೆಯ ಸಿಂಕ್ (ಖಾತೆ, ಫೋನು ಎರಡನ್ನೂ ಹೊಂದಿಸುವ) ಪಟ್ಟಿಯಲ್ಲಿ ಕಾಂಟ್ಯಾಕ್ಟ್ಸ್ ಚಾಲೂ ಮಾಡಿದರೆ ಹೆಸರುಗಳು ತಾವಾಗಿಯೇ ಇಳಿಯುತ್ತವೆ. ಬರದಿದ್ದರೆ ಬ್ಯಾಟರಿ ಸೇವರ್ ತೆಗೆದು ನೋಡಿ. ಆಗಲೂ ಕಾಣದಿದ್ದರೆ ಆ್ಯಪ್ ಬರೀ ‘ಡಿವೈಸ್’ ಅಥವಾ ಸಿಮ್‌ನ ಹೆಸರುಗಳನ್ನಷ್ಟೇ ತೋರಿಸುತ್ತಿರಬಹುದು, ಜಿಮೇಲ್ ಖಾತೆಯನ್ನು ಆರಿಸಿ. ಹೊಸ ಕಾಂಟ್ಯಾಕ್ಟ್ ಉಳಿಯುವ ಜಾಗವನ್ನೂ ಅದೇ ಖಾತೆಗೆ ಬದಲಿಸಿಬಿಡಿ. ಇಲ್ಲದಿದ್ದರೆ ನಾಳೆ ಸೇರಿಸುವ ನಂಬರು ಫೋನಿನಲ್ಲೇ ಉಳಿದು, ಫೋನು ಹೋದ ದಿನ ಅದರೊಂದಿಗೇ ಹೋಗುತ್ತದೆ. ಐಫೋನಿನವರು ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಅಕೌಂಟ್ಸ್‌ಗೆ ಹೋಗಿ ಗೂಗಲ್ ಖಾತೆ ಸೇರಿಸಿ, ಕಾಂಟ್ಯಾಕ್ಟ್ಸ್ ಗುಂಡಿ ಆನ್ ಮಾಡಿದರೆ ಸಾಕು.

‘ಮರ್ಜ್ ಆ್ಯಂಡ್ ಫಿಕ್ಸ್’ ಎಂಬಲ್ಲಿ ಗೂಗಲ್ ಒಂದೇ ಥರದ ಹೆಸರುಗಳನ್ನು ಕೂಡಿಸಲೇ ಎಂದು ಕೇಳುತ್ತದೆ. ‘ಮರ್ಜ್ ಆಲ್’ ಒತ್ತಬೇಡಿ. ಊರು ಬರೆಯದ ಇಬ್ಬರು ಬಸವರಾಜ ಪಾಟೀಲರು ಒಬ್ಬರಾಗಿಬಿಡುತ್ತಾರೆ, ಒಬ್ಬರ ಮಾಲಿನ ದರ ಇನ್ನೊಬ್ಬರಿಗೆ ಹೋಗುತ್ತದೆ. ಒಂದೊಂದನ್ನೇ ನೋಡಿ ಒಪ್ಪಿಗೆ ಕೊಡಿ.

ಝೆರಾಕ್ಸ್ ಅಂಗಡಿಯಲ್ಲೋ ಸೈಬರ್‌ನಲ್ಲೋ ಈ ಕೆಲಸ ಮಾಡುವವರು ಇನ್‌ಕಾಗ್ನಿಟೊ (ಲಾಗಿನ್ ಗುರುತು ಉಳಿಸದ) ಕಿಟಕಿಯಲ್ಲಿ ಲಾಗಿನ್ ಆಗಿ. ಪಟ್ಟಿಯಲ್ಲಿರುವುದು ನಿಮ್ಮನ್ನು ನಂಬಿ ನಂಬರು ಕೊಟ್ಟವರ ಹೆಸರುಗಳು. ಏಳುವ ಮುನ್ನ ಡೌನ್‌ಲೋಡ್ಸ್‌ನಲ್ಲಿರುವ ಸಿಎಸ್‌ವಿ, ಡೆಸ್ಕ್‌ಟಾಪಿನ ಹಾಳೆ ಎರಡನ್ನೂ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ, ಪೆನ್ ಡ್ರೈವ್ ತೆಗೆದುಕೊಳ್ಳಿ.