ಯಾವ ರಸ್ತೆ, ಯಾವ ಹೊತ್ತು, ಎಷ್ಟು ಹೊತ್ತು?

ಬೆಂಗಳೂರಿನ ಮೈಸೂರು ರಸ್ತೆಗೆ ಅಂಟಿಕೊಂಡಂತಿರುವ ಕ್ಲಿನಿಕ್ಕಿನಲ್ಲಿ ಎದೆರೋಗಗಳ ವೈದ್ಯನಾಗಿ ಕುಳಿತು, ಕೆಮ್ಮು, ದಮ್ಮು ಎಂದು ಬಂದವರೆಲ್ಲರಿಗೂ ನಾನು ಬಹಳ ವರ್ಷ ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದೆ: ಬೀಡಿ, ಸಿಗರೇಟು ಸೇದುತ್ತೀರಾ, ಮನೆಯಲ್ಲಿ ಸೌದೆ ಒಲೆ ಇದೆಯೇ, ಹಿಂದೆ ಕ್ಷಯ ಬಂದಿತ್ತೇ, ತಂದೆತಾಯಿಗೆ ಉಬ್ಬಸ ಇತ್ತೇ. ಈ ನಾಲ್ಕಕ್ಕೂ ಇಲ್ಲವೆಂದ, ಐವತ್ತು ದಾಟಿದ ಆಟೋ ಚಾಲಕರೊಬ್ಬರು ಎರಡು ಚಳಿಗಾಲ ಸತತವಾಗಿ ಏದುಸಿರು ಬಿಡುತ್ತಾ ಬಂದರು. ಎರಡನೆಯ ಸಲ ಹೊರಡುವಾಗ ಬಾಗಿಲಲ್ಲಿ ನಿಂತು, "ಭಾನುವಾರ ಗಾಡಿ ತೆಗೆಯಲ್ಲ ಡಾಕ್ಟ್ರೇ, ಅವತ್ತು ಎದೆ ಹಗುರಾಗಿರುತ್ತೆ" ಎಂದರು. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡೆನೇ ಹೊರತು ಆ ಮಾತಿನ ಬೆಲೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಕೆಲವು ದಿನಗಳ ನಂತರ, ಹಳೆಯದೊಂದು ನೆನಪಿನ ಮೂಲಕ. ದಾವಣಗೆರೆಯಲ್ಲಿ ಓದುತ್ತಿದ್ದಾಗ, ಹತ್ತಿಗಿರಣಿಗಳಲ್ಲಿ ದುಡಿದು ನಿವೃತ್ತರಾದವರನ್ನು ನೋಡಿದ್ದೆ; ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯಲ್ಲಿ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಆದ್ದರಿಂದ ರಜೆಯ ದಿನವನ್ನೂ ಕೆಲಸದ ದಿನವನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕೆಂದು ನಮಗೆ ಕಲಿಸಿದ್ದರು. ಕೆಲಸದ ಸ್ಥಳದಿಂದ ಬರುವ ಅಸ್ತಮಾವನ್ನು ಗುರುತಿಸಲು ರೋಗಿಯೇ ದಿನಕ್ಕೆ ನಾಲ್ಕು ಸಲ ಉಸಿರು ಬಿಡುವ ಬಲವನ್ನು ಅಳೆಯುವ ಪೀಕ್ ಫ್ಲೋ ಮೀಟರನ್ನು ಊದಿ, ರಜೆಯ ದಿನಗಳೂ ಸೇರುವಂತೆ ಕೆಲವು ವಾರ ಬರೆದಿಡುವ ಪದ್ಧತಿಯೂ ಇದೆ. ಆಟೋ ಚಾಲಕನಿಗೆ, ಸಿಗ್ನಲ್ಲಿನಲ್ಲಿ ನಿಲ್ಲುವ ಪೊಲೀಸಿನವರಿಗೆ, ಬಸ್ ನಿಲ್ದಾಣದ ಪಕ್ಕ ಹೂ ಮಾರುವವರಿಗೆ ರಸ್ತೆಯೇ ಗಿರಣಿಯಲ್ಲವೇ? ಆ ಪದ್ಧತಿಯನ್ನು ಇದ್ದಂತೆಯೇ ರಸ್ತೆಗೆ ತಂದೆ.

ಮಾಡಿದ್ದು ಸರಳವಾದ ಕೆಲಸ. ಕನ್ನಡದಲ್ಲಿ ಒಂದು ಕಾರ್ಡು ಅಚ್ಚು ಹಾಕಿಸಿದೆ: ತಾರೀಖು, ಎದ್ದಾಗ, ಮಧ್ಯಾಹ್ನ, ಕೆಲಸ ಮುಗಿದಾಗ, ಮಲಗುವ ಮುನ್ನ, ಜೊತೆಗೆ ಆ ದಿನ ರಸ್ತೆಯಲ್ಲಿ ಕಳೆದ ಗಂಟೆಗಳು. ಪ್ರತಿ ಸಲವೂ ನಿಂತುಕೊಂಡು ಮೂರು ಬಾರಿ ಊದಿ, ಮೂರರಲ್ಲಿ ಹೆಚ್ಚಿನದನ್ನು ಮಾತ್ರ ಬರೆಯಬೇಕು. ಅಸ್ತಮಾ ಇರುವವರಲ್ಲಿ ಬೆಳಗಿನ ಜಾವದ ಅಂಕಿ ಹೇಗೂ ಕಡಿಮೆಯೇ ಇರುತ್ತದೆ. ಹೀಗಾಗಿ ಒಂದೇ ದಿನದ ಬೆಳಗು ಮತ್ತು ಸಂಜೆಯನ್ನು ಹೋಲಿಸಿ ತೀರ್ಮಾನಕ್ಕೆ ಬಂದರೆ ತಪ್ಪುತ್ತದೆ, ಸೋಮವಾರದ ಸಂಜೆಯನ್ನು ಭಾನುವಾರದ ಸಂಜೆಯೊಂದಿಗೇ ಹೋಲಿಸಬೇಕು. ಈ ಅಂಶವನ್ನು ನಾನು ಮೊದಲ ಕೆಲವು ಕಾರ್ಡುಗಳಲ್ಲಿ ಗಮನಿಸದೆ, ಎಲ್ಲರಿಗೂ ರಸ್ತೆ ಹಿತವೆಂಬ ವಿಚಿತ್ರ ಉತ್ತರ ಪಡೆದಿದ್ದೆ.

ಇನ್ನೊಂದು ಕಡೆ ಗಾಳಿಯನ್ನು ಅಳೆಯಬೇಕಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಲೇಸರ್ ಬೆಳಕಿನಿಂದ ಕಣಗಳನ್ನು ಎಣಿಸುವ ಯಂತ್ರವೊಂದನ್ನು ಕೊಂಡು, ಚಾಲಕರ ಒಪ್ಪಿಗೆ ಪಡೆದು, ಅವರ ಆಟೋದಲ್ಲೇ ಕೆಂಗೇರಿಯಿಂದ ನಾಯಂಡಹಳ್ಳಿ, ಬಾಪೂಜಿನಗರ, ಸಿರ್ಸಿ ವೃತ್ತದ ಮೂಲಕ ಕೆ.ಆರ್. ಮಾರ್ಕೆಟ್ಟಿನವರೆಗೆ ಹಲವು ಬಾರಿ ಓಡಾಡಿದೆ. ಡಿಸೆಂಬರಿನ ಮೊದಲ ಮುಂಜಾವಿನಲ್ಲೇ ಯಂತ್ರ ತೋರಿಸಿದ ಅಂಕಿಯನ್ನು ಕಂಡು ಗಾಬರಿಯಾಗಿ, ಮನೆಯವರ ವಾಕಿಂಗನ್ನೇ ನಿಲ್ಲಿಸಿಬಿಟ್ಟೆ. ಅದರಲ್ಲಿ ಒಂದಷ್ಟು ಭಾಗ ಮಂಜಿನದ್ದು ಎಂಬುದು ತಡವಾಗಿ ತಿಳಿಯಿತು. ತೇವ ಹೆಚ್ಚಿದ್ದಾಗ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಉಬ್ಬಿದ ಕಣ ಬೆಳಕನ್ನು ಹೆಚ್ಚು ಚೆದುರಿಸುತ್ತದೆ, ಯಂತ್ರ ಅದನ್ನೂ ಧೂಳಿನ ತೂಕವೆಂದೇ ಲೆಕ್ಕ ಹಾಕುತ್ತದೆ. ಬಾಪೂಜಿನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದರ ಸಮೀಪ ನನ್ನ ಯಂತ್ರವನ್ನು ಗಂಟೆಗಟ್ಟಲೆ ಇಟ್ಟು, ಮಂಡಳಿ ಪ್ರಕಟಿಸುವ ಅದೇ ಗಂಟೆಯ ಅಂಕಿಯ ಜೊತೆ ಹೋಲಿಸಿದ ಮೇಲೆಯೇ ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಅಂದಾಜು ಸಿಕ್ಕಿತು. ಪಿಎಂ 10 ಎಂಬ ದಪ್ಪ ಧೂಳಿನ ವಿಷಯದಲ್ಲಂತೂ ಇಂತಹ ಅಗ್ಗದ ಯಂತ್ರವನ್ನು ನಾನು ಈಗಲೂ ನಂಬುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಒಂದು ಸಂಗತಿ ಸ್ಪಷ್ಟವಾಗಿ ಉಳಿಯಿತು: ಊರಿನ ಸರಾಸರಿ ಬೇರೆ, ಒಬ್ಬ ಮನುಷ್ಯನ ಮೂಗಿಗೆ ಬರುವ ಗಾಳಿ ಬೇರೆ. ಸ್ಯಾಟಲೈಟ್ ಬಸ್ ನಿಲ್ದಾಣದ ಮುಂದೆ ಬಸ್ಸುಗಳು ಒಟ್ಟಿಗೆ ಹೊರಡುವಾಗ, ಮೇಲ್ಸೇತುವೆಯ ಕೆಳಗೆ ಹೊಗೆ ಮೇಲೇಳಲಾಗದೆ ತಂಗುವಾಗ, ಲಾರಿಯ ಹಿಂದೆ ಆಟೋ ಸಿಕ್ಕಿಕೊಂಡಾಗ ಅಂಕಿ ಕ್ಷಣಾರ್ಧದಲ್ಲಿ ಎರಡು ಮೂರು ಪಟ್ಟು ಏರುತ್ತಿತ್ತು. ಅಲ್ಲಿಂದ ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ಮರಗಳ ಒಳಗೆ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತಿತ್ತು. ಹೊತ್ತಿನ ಆಟವೂ ಅಷ್ಟೇ ಬಲವಾಗಿದೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಸಮೀಪದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುವುದರಿಂದ, ವಾಹನ ಕಡಿಮೆಯಿದ್ದರೂ ಹೊಗೆ ಚದುರುವುದಿಲ್ಲ. ಜೂನ್ ಬಂದು ಪಶ್ಚಿಮದ ಗಾಳಿ ಬೀಸತೊಡಗಿ ಮಳೆ ಹಿಡಿದರೆ, ಅಷ್ಟೇ ವಾಹನಗಳಿರುವ ಅದೇ ರಸ್ತೆ ಬೇರೆಯೇ ಊರಿನದೆಂಬಂತೆ ಕಾಣುತ್ತದೆ.

ರೋಗಿಗಳಿಗೆ ಇದನ್ನು ವಿವರಿಸುವಾಗ ತಲೆಗೂದಲಿನಿಂದ ಆರಂಭಿಸುತ್ತೇನೆ. ಪಿಎಂ 2.5 ಎಂದರೆ ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣ ಕಣಗಳು. ಕೂದಲಿನ ದಪ್ಪದಲ್ಲಿ ಇಂತಹ ಇಪ್ಪತ್ತಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ದಪ್ಪ ಧೂಳನ್ನು ಮೂಗು ಮತ್ತು ಗಂಟಲಿನ ಲೋಳೆ ತಡೆದು ಕಫದಲ್ಲಿ ಹೊರಹಾಕುತ್ತದೆ, ಆದರೆ ಈ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿದು ಅಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ಆ ಉರಿಯೂತ ಎದೆಗೂಡಿನೊಳಗೇ ನಿಲ್ಲುವುದಿಲ್ಲ. ಅದರ ಸಂಕೇತಗಳು ರಕ್ತದಲ್ಲಿ ಹರಿದು, ರಕ್ತನಾಳದ ಒಳಪದರವನ್ನು ಕೆಡಿಸಿ, ರಕ್ತ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುತ್ತವೆ. ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಹೃದಯಾಘಾತದಿಂದ ಬದುಕುಳಿದ 691 ಮಂದಿಯನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಹನ ಸಂಚಾರದ ನಡುವೆ ಇದ್ದು ಬಂದ ನಂತರದ ಒಂದು ಗಂಟೆಯೊಳಗೆ ಆಘಾತವಾಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು; ಅದರಲ್ಲಿ ಒತ್ತಡ ಮತ್ತು ಶಬ್ದದ ಪಾಲೂ ಇರಬಹುದಾದರೂ, ಅದನ್ನು ಓದಿದ ಮೇಲೆ ಎದೆನೋವಿನ ಇತಿಹಾಸವಿರುವ ಚಾಲಕರನ್ನು ನಾನು ಹೃದ್ರೋಗ ತಜ್ಞರ ಬಳಿಗೆ ಬೇಗ ಕಳುಹಿಸುತ್ತೇನೆ.

ಆದರೆ ನನ್ನ ಕೆಲಸಕ್ಕೆ ನಿಜವಾದ ಧೈರ್ಯ ಕೊಟ್ಟದ್ದು ಲಂಡನ್ನಿನ ಪ್ರಯೋಗ. ಅಸ್ತಮಾ ಇರುವ 60 ವಯಸ್ಕರನ್ನು ಒಂದು ದಿನ ಆಗ ಡೀಸೆಲ್ ಬಸ್ಸು ಮತ್ತು ಟ್ಯಾಕ್ಸಿಗಳಷ್ಟೇ ಓಡುತ್ತಿದ್ದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ, ಇನ್ನೊಂದು ದಿನ ಹೈಡ್ ಪಾರ್ಕಿನಲ್ಲಿ ಎರಡೆರಡು ಗಂಟೆ ನಡೆಸಿ, ಉಸಿರಿನ ಬಲವನ್ನು ಅಳೆದರು. ಬೀದಿಯಲ್ಲಿ ನಡೆದ ದಿನ ಅದು ಹೆಚ್ಚು ಕುಸಿಯಿತೆಂದು 2007ರಲ್ಲಿ ಪ್ರಕಟವಾಯಿತು. ಅದೇ ಮನುಷ್ಯ, ಬೇರೆ ರಸ್ತೆ, ಬೇರೆ ಉಸಿರು. ನಮ್ಮ ಆಟೋ ಚಾಲಕರ ಕಾರ್ಡು ಹೇಳುತ್ತಿದ್ದುದೂ ಇದನ್ನೇ: ಭಾನುವಾರ ಹಾಗೂ ಹಬ್ಬಕ್ಕೆ ಊರಿಗೆ ಹೋದ ನಾಲ್ಕು ದಿನಗಳ ಸಂಜೆಯ ಅಂಕಿಗಳು ಮೇಲೆ, ಉಳಿದ ಸಂಜೆಗಳವು ಎದ್ದು ಕಾಣುವಷ್ಟು ಕೆಳಗೆ.

ಎಲ್ಲ ಕಾರ್ಡುಗಳೂ ರಸ್ತೆಯನ್ನೇ ದೂರಲಿಲ್ಲ. ಸಿಗ್ನಲ್ಲಿನಲ್ಲಿ ಕರ್ತವ್ಯ ಮಾಡುವ ಒಬ್ಬರ ಅಂಕಿ ರಜೆಯ ದಿನವೂ ರಾತ್ರಿ ಎಂಟರ ನಂತರವೇ ಬೀಳುತ್ತಿತ್ತು. ಯಂತ್ರವನ್ನು ಅವರ ಮನೆಗೆ ಕೊಟ್ಟು ಕಳುಹಿಸಿದರೆ, ದೇವರ ಮುಂದೆ ಹಚ್ಚಿದ ಊದುಬತ್ತಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ, ಇವೆರಡೂ ಸೇರಿ ರಸ್ತೆಗಿಂತ ಕೆಟ್ಟ ಗಾಳಿಯನ್ನು ಮನೆಯೊಳಗೇ ತಯಾರಿಸುತ್ತಿದ್ದವು. ಸೊಳ್ಳೆಪರದೆ ಕಟ್ಟಿದ್ದೇ ಅವರ ಚಿಕಿತ್ಸೆಯ ಮುಖ್ಯ ಭಾಗವಾಯಿತು. ಯಂತ್ರ ಹಿಡಿದವನಿಗೆ ಕಾರಣ ಮೊದಲೇ ಗೊತ್ತಿರುವಂತೆ ಭಾಸವಾಗುವುದು ದೊಡ್ಡ ಅಪಾಯ.

"ಸರ್ಕಾರದ ಮಿತಿಯೊಳಗೇ ಇದೆಯಲ್ಲ ಸಾರ್" ಎಂದು ಓದಿಕೊಂಡ ರೋಗಿಗಳು ಮೊಬೈಲು ತೋರಿಸುವುದುಂಟು. 2009ರಲ್ಲಿ ನಿಗದಿಯಾದ ನಮ್ಮ ಮಿತಿ ಪಿಎಂ 2.5ಕ್ಕೆ ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಮಿತಿಯೆಂದರೆ ಅದರ ಕೆಳಗೆ ಕ್ಷೇಮವೆಂಬ ಗೆರೆಯಲ್ಲ, ಆಡಳಿತ ತಲುಪಬಹುದೆಂದು ಒಪ್ಪಿಕೊಂಡ ಗುರಿ ಎಂದಷ್ಟೇ ಹೇಳುತ್ತೇನೆ. 2020ರ ಏಪ್ರಿಲಿನಿಂದ, ವಾಹನದ ಹೊಗೆಗೆ ಸರ್ಕಾರ ಹಾಕಿದ ಬಿಎಸ್-6 ಮಾನದಂಡದ ಇಂಧನದಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕೆ ಇಳಿದದ್ದು ದೊಡ್ಡ ಸುಧಾರಣೆಯೇ ಸರಿ, ಆದರೆ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ, ಬ್ರೇಕು ಮತ್ತು ಟೈರು ಸವೆದ ಧೂಳು ವಿದ್ಯುತ್ ವಾಹನದಿಂದಲೂ ಬರುತ್ತದೆ.

ಔಷಧದ ವಿಷಯದಲ್ಲಿ ಹೊಸದೇನನ್ನೂ ಮಾಡಲಿಲ್ಲ. ಪ್ರತಿದಿನದ ಇನ್ಹೇಲರನ್ನು ಎದೆ ಹಗುರಾದ ಕೂಡಲೇ ಬಿಟ್ಟುಬಿಡುವವರಿಗೆ ಅವರದೇ ಕಾರ್ಡಿನ ಇಳಿಜಾರನ್ನು ತೋರಿಸಿದಾಗ ಬಿಡುವುದು ಕಡಿಮೆಯಾಯಿತು. ಕರವಸ್ತ್ರ ಕಟ್ಟಿದರೆ ಸಣ್ಣ ಕಣಗಳ ಮಟ್ಟಿಗೆ ಹೆಚ್ಚು ಉಪಯೋಗವಿಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಕೆಲಸ ಮಾಡುತ್ತದೆ. ಆದರೆ ಏಪ್ರಿಲಿನ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ಹಾಕಿಕೊಂಡಿರಿ ಎಂದು ಬರೆದುಕೊಡುವ ವೈದ್ಯ ಒಮ್ಮೆ ತಾನೇ ಹಾಕಿಕೊಂಡು ನಿಂತು ನೋಡಬೇಕು. ನಾನು ನೋಡಿದೆ, ಒಂದೂವರೆ ಗಂಟೆಗೆ ತೆಗೆದೆ. ಈಗ ಮೇಲ್ಸೇತುವೆಯ ಕೆಳಗೆ, ಚಳಿಗಾಲದ ರಾತ್ರಿ ಪಾಳಿಯಲ್ಲಿ ಎಂದು ಜಾಗ ಮತ್ತು ಹೊತ್ತನ್ನು ಹೆಸರಿಸಿಯೇ ಮಾಸ್ಕ್ ಸೂಚಿಸುತ್ತೇನೆ. ಆಟೋ ಚಾಲಕರು ಡಿಸೆಂಬರ್ ಮತ್ತು ಜನವರಿಯಲ್ಲಿ ಮಾರ್ಕೆಟ್ಟಿನ ರಾತ್ರಿ ಬಾಡಿಗೆಯನ್ನು ಬಿಟ್ಟು, ಹಗಲಿನಲ್ಲಿ ಬಡಾವಣೆಗಳ ಒಳಗಿನ ಬಾಡಿಗೆಗೆ ಹೊರಳಿದರು. ಆದಾಯ ಸ್ವಲ್ಪ ತಗ್ಗಿತು, ಆ ಚಳಿಗಾಲ ಔಷಧವನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬ್ಯುಲೈಸರಿಗಾಗಿ ಅವರು ಬರಲಿಲ್ಲ. ಒಬ್ಬರ ಅನುಭವದಿಂದ ಎಲ್ಲರಿಗೂ ನಿಯಮ ಹೇಳಲಾಗದು, ಆ ಕಾರ್ಡು ಆ ಒಬ್ಬರದ್ದೇ.

ಹೂ ಮಾರುವ ಅಮ್ಮನ ವಿಷಯದಲ್ಲಿ ನಾನೇ ಎಡವಿದೆ. ನಿಲ್ದಾಣ ಬಿಟ್ಟು ಒಳರಸ್ತೆಗೆ ಹೋಗಿ ಎಂದು ಸುಲಭವಾಗಿ ಹೇಳಿದಾಗ, "ಒಳಗಡೆ ಹೋದ್ರೆ ಹೂವು ಯಾರು ತಗೋತಾರೆ ಸಾರ್? ಬಸ್ಸು ನಿಲ್ಲೋ ಜಾಗದಲ್ಲಿ ತಾನೆ ಜನ ಇಳಿಯೋದು" ಎಂದು ಕೇಳಿದರು. ಮಾರನೆಯ ವಾರ ಅವರ ಜೊತೆಗೇ ನಾಲ್ಕು ಜಾಗಗಳಲ್ಲಿ ಯಂತ್ರ ಹಿಡಿದು ನಿಂತೆ. ಇಳಿದವರು ಬಡಾವಣೆಗೆ ತಿರುಗುವ ಮೂಲೆ ನಿಲ್ದಾಣದಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಅಲ್ಲಿ ಅಂಕಿ ಗಮನಾರ್ಹವಾಗಿ ಕಡಿಮೆ, ವ್ಯಾಪಾರಕ್ಕೂ ಧಕ್ಕೆಯಿಲ್ಲ. ಬುಟ್ಟಿಯನ್ನು ಅಲ್ಲಿಗೆ ಸಾಗಿಸಿದರು. ಮಳೆಗಾಲ ಬಂದೊಡನೆ ಸೂರು ಬೇಕೆಂದು ಮತ್ತೆ ನಿಲ್ದಾಣಕ್ಕೇ ಮರಳಿದ್ದಾರೆ. ಈ ತಿಂಗಳುಗಳ ಗಾಳಿಗೆ ನನ್ನ ಆಕ್ಷೇಪವೂ ಇಲ್ಲ. ನವೆಂಬರಿನಲ್ಲಿ ಅವರನ್ನು ಮೂಲೆಗೆ ಕಳುಹಿಸುವ ಚೀಟಿಯನ್ನು ಮತ್ತೆ ಬರೆಯಬೇಕಿದೆ.